ಕಣ್ಣು ಕಾಣದವಳ ಅಂಗಡಿಯಲ್ಲಿ ಎಷ್ಟು ದುಡ್ಡು ಇಡುತ್ತೀರಿ?

1985ರಲ್ಲಿ ಅಮೆರಿಕದಿಂದ ಬಂದ ಕಂಪ್ಯೂಟರ್ ಆಟವೊಂದರಲ್ಲಿ ಗಿಡಮೂಲಿಕೆ ಮಾರುವ ಹೆಂಗಸೊಬ್ಬಳಿದ್ದಾಳೆ. ಅವಳಿಗೆ ಕಣ್ಣು ಕಾಣಿಸದು. ಆಟದಲ್ಲಿ ಮಂತ್ರ ಹಾಕಬೇಕಾದರೆ ಬೆಳ್ಳುಳ್ಳಿ, ಗಂಧಕದ ಬೂದಿ, ಜೇಡರ ನೂಲು ಮುಂತಾದ ಸಾಮಾನು ಬೇಕು. ಅದಕ್ಕೆ ಇಂಥವಳ ಅಂಗಡಿಗೇ ಹೋಗಬೇಕು. ಬೇಕಾದ್ದನ್ನು ಹೇಳಿದರೆ ಇಷ್ಟು ಚಿನ್ನದ ನಾಣ್ಯವಾಯಿತು ಅನ್ನುತ್ತಾಳೆ. ಎಷ್ಟು ಕೊಡುತ್ತೇವೆಂದು ಕೀಲಿಮಣೆಯಲ್ಲಿ ಒತ್ತುವವರು ನಾವು. ಕಡಿಮೆ ಇಟ್ಟು ಬಂದರೂ ಅವಳು ಸಾಮಾನು ಕೊಟ್ಟುಬಿಡುತ್ತಾಳೆ. ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ. ಆದರೆ ಆಟ ಅದನ್ನು ಒಳಗೇ ಬರೆದಿಟ್ಟುಕೊಂಡಿರುತ್ತದೆ. ಮುಂದೆ ಯಾವಾಗಲೋ ಅರಮನೆಯಲ್ಲಿರುವ ಜ್ಞಾನಿಯೊಬ್ಬನ ಬಳಿ ಹೋಗಿ, ನನ್ನ ಪ್ರಾಮಾಣಿಕತೆ ಎಲ್ಲಿಗೆ ಬಂತು ಎಂದು ಕೇಳಿದಾಗ ಅವನು ಕೊಡುವ ಉತ್ತರದಲ್ಲಿ ಆ ಅಂಗಡಿಯ ಲೆಕ್ಕವೂ ಸೇರಿರುತ್ತದೆ.

ಆಟದ ಹೆಸರು ‘ಅಲ್ಟಿಮಾ 4’. ಮಾಡಿದವರು ರಿಚರ್ಡ್ ಗ್ಯಾರಿಯಟ್. ಅದಕ್ಕೆ ಹಿಂದಿನ ಅಲ್ಟಿಮಾಗಳಲ್ಲಿ ಕದ್ದೋ ಕೊಂದೋ ಹೇಗಾದರೂ ಬಲಿತು, ಕೊನೆಯ ದುಷ್ಟನನ್ನು ಮುಗಿಸಿದರೆ ಆಯಿತು. ಅವನ್ನು ಆಡಿದವರಿಂದ, ಆಡುವ ಮಕ್ಕಳ ಹೆತ್ತವರಿಂದ ಕಾಗದಗಳು ಬಂದವು. ಅವನ್ನು ಓದಿದ ಮೇಲೆ, ತಾನು ಜನರ ಕೈಯಲ್ಲಿ ಏನು ಮಾಡಿಸುತ್ತಿದ್ದೇನೆ ಎಂಬ ಯೋಚನೆ ಹತ್ತಿತು ಎಂದು ಗ್ಯಾರಿಯಟ್ ಆಮೇಲೆ ಹೇಳಿಕೊಂಡಿದ್ದಾರೆ. ನಾಲ್ಕನೆಯ ಆಟದ ಕೊನೆಯಲ್ಲಿ ಕೊಲ್ಲಬೇಕಾದ ರಾಕ್ಷಸನೇ ಇಲ್ಲ. ಪ್ರಾಮಾಣಿಕತೆ, ಕರುಣೆ, ಧೈರ್ಯ, ನ್ಯಾಯ, ತ್ಯಾಗ, ಮರ್ಯಾದೆ, ಅಧ್ಯಾತ್ಮ, ವಿನಯ ಎಂಬ ಎಂಟು ಗುಣಗಳಲ್ಲಿ ಮೇಲೇರುವುದೇ ಗೆಲುವು. ಗೆದ್ದವರಿಗೆ ಸಿಗುವ ಪದವಿಯ ಹೆಸರು ‘ಅವತಾರ’. ನಮ್ಮ ಪುರಾಣಗಳಿಂದಲೇ ಎತ್ತಿಕೊಂಡದ್ದು.

ನಾನು ಪುತ್ತೂರಿನ ಕಡೆಯ ಪದವಿಪೂರ್ವ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವವಳು. ಬೆಂಗಳೂರಿನಲ್ಲಿ ಓದುತ್ತಿದ್ದ ತಂಗಿಯ ಮಗ ರಜೆಗೆ ಮನೆಗೆ ಬಂದರೆ ರಾತ್ರಿಯೆಲ್ಲ ಲ್ಯಾಪ್‌ಟಾಪಿನ ಮುಂದೆ ಕೂತಿರುತ್ತಿದ್ದ. “ಯಾರನ್ನು ಕೊಲ್ಲುತ್ತಾ ಇದ್ದೀಯೋ?” ಎಂದು ಒಮ್ಮೆ ಕೇಳಿದೆ. “ಕೊಲ್ಲುವುದೆಲ್ಲ ಆಯ್ತು ದೊಡ್ಡಮ್ಮ. ಈಗ ಇವರಿಬ್ಬರಲ್ಲಿ ಯಾರನ್ನು ನಂಬುವುದು ಅಂತ ಗೊತ್ತಾಗ್ತಾ ಇಲ್ಲ” ಎಂದ. ಅವನ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಆಮೇಲೆ ನಾನೇ ಆಡತೊಡಗಿದೆ, ಇವತ್ತಿಗೂ ಆಡುತ್ತೇನೆ.

ಈ ಬಗೆಯವಕ್ಕೆ ರೋಲ್ ಪ್ಲೇಯಿಂಗ್ ಗೇಮ್ ಎಂದು ಹೆಸರು. ಹುಡುಗರ ಬಾಯಲ್ಲಿ ಆರ್‌ಪಿಜಿ. ಲೋಕದ ತುಂಬ ಇಷ್ಟು ಜನರನ್ನು ಇವು ಗಂಟೆಗಟ್ಟಲೆ ಹಿಡಿದಿಡುವುದು ಹೇಗೆ ಎಂದರೆ ಚಿತ್ರ ಸೊಗಸಾಗಿದೆ, ಕಾಳಗ ರೋಚಕವಾಗಿದೆ ಎನ್ನುವವರಿದ್ದಾರೆ. ಅದು ಸುಳ್ಳೇನಲ್ಲ. ಆದರೆ ಸೊಗಸಾದ ಚಿತ್ರ, ರೋಚಕ ಕಾಳಗ ಬೇರೆ ಆಟಗಳಲ್ಲೂ ಇವೆ. ಆರ್‌ಪಿಜಿಗೆ ಮಾತ್ರ ಒಪ್ಪುವ ಗುಣ ಯಾವುದೆಂದರೆ, ಅದು ಆಡುವವರ ಮೇಲೆ ಹೊಣೆ ಹೊರಿಸುತ್ತದೆ. ಕಾವ್ಯ ಓದುವಾಗ ದುರ್ಯೋಧನನ ತಪ್ಪು ದುರ್ಯೋಧನನದು. ಇಲ್ಲಿ ಅದು ನನ್ನ ಲೆಕ್ಕಕ್ಕೆ ಬರುತ್ತದೆ.

ಇದೆಲ್ಲ ಶುರುವಾದದ್ದು ಕಾಗದ, ಪೆನ್ಸಿಲು, ದಾಳಗಳಿಂದ. 1970ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ಪುಟ್ಟ ಸಿಪಾಯಿ ಬೊಂಬೆಗಳನ್ನು ಮೇಜಿನ ಮೇಲೆ ಜೋಡಿಸಿ ಹಳೆಯ ಯುದ್ಧಗಳನ್ನು ಆಡುವ ಹವ್ಯಾಸಿಗಳ ಗುಂಪುಗಳಿದ್ದವು. ಮಿನ್ನೆಸೋಟಾದ ಡೇವ್ ಆರ್ನೆಸನ್ ಮತ್ತು ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಎಂಬ ಊರಿನ ಗ್ಯಾರಿ ಗೈಗ್ಯಾಕ್ಸ್ ಅದನ್ನು ತಿರುಗಿಸಿಟ್ಟರು. ಒಬ್ಬೊಬ್ಬರಿಗೆ ಒಂದೊಂದು ಸೇನೆ ಯಾಕೆ, ಒಬ್ಬೊಬ್ಬರಿಗೆ ಒಬ್ಬನೇ ಮನುಷ್ಯ ಸಾಕಲ್ಲ! 1974ರಲ್ಲಿ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಲ್ಲಿ 1,000 ಪ್ರತಿ ಅಚ್ಚಾಯಿತು. ಅದರಲ್ಲಿ ಪ್ರತಿ ಪಾತ್ರಕ್ಕೂ ಆರು ಗುಣ: ಬಲ, ಬುದ್ಧಿ, ವಿವೇಕ, ದೇಹದ ಗಟ್ಟಿತನ, ಚುರುಕು, ವರ್ಚಸ್ಸು. ಮೂರು ದಾಳ ಉರುಳಿಸಿ ಒಂದೊಂದಕ್ಕೂ 3ರಿಂದ 18ರವರೆಗಿನ ಅಂಕ ಪಡೆಯಬೇಕು. ಗುಂಪಿನಲ್ಲಿ ಒಬ್ಬರು ಕಥೆ ನಡೆಸುವವರು. ನಿಮ್ಮ ಮುಂದೆ ಮರದ ಬಾಗಿಲಿದೆ, ಆಚೆಯಿಂದ ಯಾರೋ ನರಳುವುದು ಕೇಳುತ್ತಿದೆ, ಏನು ಮಾಡುತ್ತೀರಿ ಎಂದು ಅವರು ಕೇಳುತ್ತಾರೆ. ಒದೆಯುತ್ತೇನೆ, ಕಿವಿಗೊಟ್ಟು ಕೇಳುತ್ತೇನೆ, ವಾಪಸು ಹೋಗುತ್ತೇನೆ, ಏನು ಬೇಕಾದರೂ ಹೇಳಬಹುದು. ಆದೀತೋ ಆಗದೋ ಎಂಬ ಕಡೆ ಇಪ್ಪತ್ತು ಮುಖದ ದಾಳ ಉರುಳುತ್ತದೆ.

ಕರಾವಳಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಬಿಳಿ ಪಂಚೆ, ಶಾಲು ಹೊದ್ದು ಕೂತವರು ಭಾಗವತರ ಪದ್ಯ ಮುಗಿದೊಡನೆ ವಾಲಿಯಾಗಿ, ರಾಮನಾಗಿ ಮಾತಿಗಿಳಿಯುತ್ತಾರೆ. ವಾಲಿ ಸಾಯುವುದು ಪ್ರಸಂಗದಲ್ಲಿ ಮೊದಲೇ ಬರೆದದ್ದು. ಅದನ್ನು ಯಾರೂ ತಪ್ಪಿಸುವ ಹಾಗಿಲ್ಲ. ಆದರೆ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಅವನು ಏನೆಂದು ಕೇಳಬೇಕು, ರಾಮ ಅದಕ್ಕೆ ಏನು ಹೇಳಬೇಕು ಎಂಬುದೆಲ್ಲ ಆ ರಾತ್ರಿಯ ಅರ್ಥಧಾರಿಗಳಿಗೆ ಬಿಟ್ಟದ್ದು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥಕ್ಕೆ ಜನ ನಿದ್ದೆ ಬಿಟ್ಟು ಕೂರುತ್ತಿದ್ದದ್ದು ಕಥೆ ಗೊತ್ತಿಲ್ಲದೆ ಅಲ್ಲವಷ್ಟೆ. ನನ್ನ ತಂದೆಯೂ ಹವ್ಯಾಸಕ್ಕೆ ಅರ್ಥ ಹೇಳುತ್ತಿದ್ದರು. ಕರ್ಣನ ಪಾತ್ರ ಬಂದ ದಿನ ಮಧ್ಯಾಹ್ನದ ಊಟಕ್ಕೆ ಕೂತಾಗಲೇ ಅವರ ಮಾತಿನ ಧಾಟಿ ಬದಲಾಗಿರುತ್ತಿತ್ತು. ಕಥೆಯ ಕಟ್ಟಿನೊಳಗೆ ನಿಂತುಕೊಂಡೇ, ಪಾತ್ರದ ಪರವಾಗಿ ತಾನು ತೀರ್ಮಾನಿಸಿ ಬಾಯಿ ತೆರೆಯುವ ಆ ಸುಖವನ್ನೇ ಗೈಗ್ಯಾಕ್ಸ್ ಮತ್ತು ಆರ್ನೆಸನ್ ತಮ್ಮ ದಾರಿಯಲ್ಲಿ ಕಂಡುಕೊಂಡರು.

ಮೇಜಿನ ಆಟ ಬಂದ ಮರುವರ್ಷವೇ, 1975ರಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಎಂಬ ಕಂಪ್ಯೂಟರ್ ಜಾಲದಲ್ಲಿ ಅದರ ನಕಲುಗಳು ಕಾಣಿಸಿಕೊಂಡವು. ಪಾಠಕ್ಕೆಂದು ಇಟ್ಟ ಯಂತ್ರದಲ್ಲಿ ಆಟವೇ ಎಂದು ನೋಡಿಕೊಳ್ಳುವವರು ಅಳಿಸುತ್ತಿದ್ದರು, ವಿದ್ಯಾರ್ಥಿಗಳು ಮತ್ತೆ ತಂದಿಡುತ್ತಿದ್ದರು. ಆ ಕಾಲದ ಕಂಪ್ಯೂಟರಿಗೆ ಮಾತು ಬಾರದು, ಲೆಕ್ಕ ಬರುತ್ತಿತ್ತು. ಹಾಗಾಗಿ ಮೇಜಿನಿಂದ ಪರದೆಗೆ ಮೊದಲು ದಾಟಿದ್ದು ಲೆಕ್ಕ: ಎಷ್ಟು ಬಲ, ಎಷ್ಟು ಪ್ರಾಣ, ಎಷ್ಟು ಅನುಭವ.

ಈ ಲೆಕ್ಕದ ಸೆಳೆತ ಸಣ್ಣದೇನಲ್ಲ. ಜಪಾನಿನ ಯುಜಿ ಹೋರಿಯಿ ಅಮೆರಿಕದ ಆರ್‌ಪಿಜಿಗಳನ್ನು ಮೆಚ್ಚಿಕೊಂಡು, ಅವುಗಳ ಗೋಜಲನ್ನೆಲ್ಲ ಬಿಡಿಸಿ, 1986ರಲ್ಲಿ ‘ಡ್ರ್ಯಾಗನ್ ಕ್ವೆಸ್ಟ್’ ಮಾಡಿದರು. ಟಿವಿಗೆ ಸಿಕ್ಕಿಸಿ ಆಡುವ ಡಬ್ಬಿಗೆಂದು ಮಾಡಿದ್ದು. ಆಟದ ಶುರುವಿನಲ್ಲಿ ನೀವು ಊರ ಹೊರಗೆ ಕಾಲಿಟ್ಟರೆ ಎದುರಾಗುವುದು ಸ್ಲೈಮ್ ಎಂಬ ನೀಲಿ ಹನಿಯಂಥ ಜೀವಿ. ಅದನ್ನು ಸೋಲಿಸಿದರೆ ಅನುಭವದ ಖಾತೆಗೆ ಒಂದೇ ಒಂದು ಅಂಕ. ಏಳು ಸೇರಿದರೆ ಎರಡನೆಯ ಹಂತ. ಹಂತ ಏರಿದ ಹಾಗೆ ಕೈಗೆ ಬಲ, ಮೈಗೆ ತಾಳಿಕೆ. ಬೆರಳು ಚುರುಕಾಗಿರಬೇಕಿಲ್ಲ, ಕಣ್ಣು ಮಿಂಚಬೇಕಿಲ್ಲ. ತಾಳ್ಮೆಯಿದ್ದವರು ಯಾರು ಬೇಕಾದರೂ ಕೊನೆ ಮುಟ್ಟಬಹುದು. ನಿನ್ನೆ ಯಾವ ಸೇತುವೆಯಾಚೆ ಹೋದರೆ ಸತ್ತೇ ಬರುತ್ತಿದ್ದೆವೋ, ಇವತ್ತು ಅದರಾಚೆ ನೆಟ್ಟಗೆ ನಡೆದು ಹೋಗುತ್ತೇವೆ. ಬದುಕಿನಲ್ಲಿ ಮಾಡಿದ ಕೆಲಸಕ್ಕೆ ಫಲ ಯಾವಾಗ ಬಂತು, ಬಂತೋ ಇಲ್ಲವೋ ಎಂದೇ ಎಷ್ಟೋ ಸಲ ಗೊತ್ತಾಗುವುದಿಲ್ಲ. ಇಲ್ಲಿ ಪಟ್ಟ ಪಾಡು ಕಣ್ಣೆದುರು ಅಂಕಿಯಾಗಿ ನಿಲ್ಲುತ್ತದೆ. ದಿನವಿಡೀ ಯಾರೂ ಶಹಬ್ಬಾಸ್ ಎನ್ನದ ಕೆಲಸ ಮಾಡಿ ಮನೆಗೆ ಬಂದವರಿಗೆ ಅದು ಎಷ್ಟು ದೊಡ್ಡದು ಎಂದು ನನಗೆ ಚೆನ್ನಾಗಿ ಗೊತ್ತು.

ಅದೇ ಆಟದ ತುದಿಯಲ್ಲಿ ಡ್ರ್ಯಾಗನ್‌ಗಳ ಒಡೆಯ ಎದುರಾಗಿ, ನನ್ನ ಕಡೆ ಸೇರು, ಅರ್ಧ ಲೋಕ ನಿನಗೆ ಎನ್ನುತ್ತಾನೆ. ಹೌದು, ಇಲ್ಲ ಎಂಬ ಎರಡೇ ಉತ್ತರ. ಹೌದು ಎಂದಿರೋ, ನಿಮ್ಮ ಕಥೆ ಅಲ್ಲಿಗೇ ಮುಗಿಯಿತು. ಕಾಳಗವಿಲ್ಲ, ಕೂಗಾಟವಿಲ್ಲ. ಅಷ್ಟು ಹಂತ ಏರಿದ ಬಲ ಒಂದು ಉತ್ತರದ ಮುಂದೆ ಕೆಲಸಕ್ಕೆ ಬರುವುದಿಲ್ಲ.

ನಮ್ಮ ಮನೆಗಳಿಗೆ ಆರ್‌ಪಿಜಿ ಬಂದದ್ದು ಗೊತ್ತಾಗದ ಹಾಗೆ. ಟಿವಿಯ ಪಿಕಾಚುವನ್ನು ಕಾಣದ ಮಕ್ಕಳಿಲ್ಲ; ಆ ‘ಪೊಕೆಮಾನ್’ 1996ರಲ್ಲಿ ಜಪಾನಿನಲ್ಲಿ ಗೇಮ್ ಬಾಯ್ ಎಂಬ ಅಂಗೈ ಯಂತ್ರಕ್ಕೆ ಬಂದ ಆರ್‌ಪಿಜಿ. ಅದನ್ನು ರೂಪಿಸಿದ ಸತೋಷಿ ತಾಜಿರಿ ಚಿಕ್ಕಂದಿನಲ್ಲಿ ಹುಳು ಹಿಡಿದು ಕೂಡಿಡುತ್ತಿದ್ದ ಹುಡುಗ. ಅದಾದ ಮರುವರ್ಷ ಬಂದ ‘ಫೈನಲ್ ಫ್ಯಾಂಟಸಿ 7’ರಲ್ಲಿ ಏರಿತ್ ಎಂಬ ಹೂ ಮಾರುವ ಹುಡುಗಿ ನಿಮ್ಮ ಜೊತೆಯಾಗುತ್ತಾಳೆ. ಅವಳಿಗೆ ಆಯುಧ ಕೊಡಿಸಿ, ಮಂತ್ರ ಕಲಿಸಿ, ಹಂತ ಏರಿಸಿ ಬೆಳೆಸಿರುತ್ತೀರಿ. ಕಥೆ ನಡುವಿಗೆ ಬರುವಷ್ಟರಲ್ಲಿ ಅವಳ ಕೊಲೆಯಾಗುತ್ತದೆ. ಅವಳನ್ನು ಬದುಕಿಸುವ ದಾರಿ ಎಲ್ಲೋ ಬಚ್ಚಿಟ್ಟಿರಬೇಕೆಂದು ಆಡಿದವರು ವರ್ಷಗಟ್ಟಲೆ ಹುಡುಕಿದರು. ಸಿನಿಮಾದಲ್ಲಿ ಸತ್ತ ನಾಯಕಿಗೆ ಯಾರೂ ಹಾಗೆ ಹುಡುಕುವುದಿಲ್ಲ. ಇವಳನ್ನು ಕೈಯಾರೆ ಬೆಳೆಸಿದ್ದರು.

ಇನ್ನು ನನ್ನನ್ನು ತುಂಬ ಕಾಡಿದ ಆಟಕ್ಕೆ ಬರುತ್ತೇನೆ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ 2015ರಲ್ಲಿ ತಂದ ‘ದಿ ವಿಚರ್ 3’. ಆಂದ್ಜೇ ಸಪ್ಕೊವ್‌ಸ್ಕಿ ಎಂಬ ಪೋಲಿಷ್ ಲೇಖಕರ ಕಥೆಗಳ ಲೋಕವದು. ಕೂಲಿಗೆ ಪ್ರೇತಪಿಶಾಚಿಗಳನ್ನು ಬೇಟೆಯಾಡುವ ಗೆರಾಲ್ಟ್ ನಾವು. ಮಗಳ ಹಾಗೆ ಸಾಕಿದ ಸಿರಿ ಎಂಬ ಹುಡುಗಿಯನ್ನು ಹುಡುಕುತ್ತಾ, ಯುದ್ಧದಲ್ಲಿ ಹಾಳುಬಿದ್ದ ಜವುಗು ನಾಡಿಗೆ ಬರುತ್ತೇವೆ. ಅಲ್ಲಿ ಕೋಟೆ ಹಿಡಿದು ಕೂತ ಬ್ಯಾರನ್ ಒಬ್ಬನಿದ್ದಾನೆ: ದಪ್ಪ ಮೈ, ಗಟ್ಟಿ ದನಿ, ಉಪಚಾರದ ಮಾತು. ಸಿರಿಯ ಸುದ್ದಿ ಹೇಳುತ್ತೇನೆ, ಕಾಣೆಯಾದ ನನ್ನ ಹೆಂಡತಿ ಮಗಳನ್ನು ಹುಡುಕಿಕೊಡು ಎನ್ನುತ್ತಾನೆ.

ಮನೆಯ ಕೋಣೆಗಳನ್ನು ಹುಡುಕುತ್ತಾ ಹೋದ ಹಾಗೆ ಬ್ಯಾರನ್ ಹೇಳದೆ ಉಳಿಸಿದ್ದು ಹೊರಗೆ ಬೀಳುತ್ತದೆ. ಕುಡಿದು ಹೆಂಡತಿಗೆ ಹೊಡೆಯುತ್ತಿದ್ದ. ಅಂಥ ಒಂದು ರಾತ್ರಿ ಅವಳಿಗೆ ಗರ್ಭಪಾತವಾಯಿತು, ತಾಯಿ ಮಗಳು ಮನೆ ಬಿಟ್ಟರು. ಹೆಸರಿಡದೆ, ವಿಧಿ ಮಾಡದೆ ಹೂತ ಆ ಶಿಶು ಪ್ರೇತವಾಗಿ ಎದ್ದಿದೆ. ಈಗ ಗೆರಾಲ್ಟ್ ಮುಂದೆ ಎರಡು ದಾರಿ. ಕತ್ತಿಯಿಂದ ಅದನ್ನು ಮುಗಿಸಬಹುದು. ಇಲ್ಲವೇ ಬ್ಯಾರನ್ನೇ ಅದನ್ನು ಎದೆಗವಚಿಕೊಂಡು ಮನೆ ಬಾಗಿಲವರೆಗೆ ತಂದು, ಹೆಸರಿಟ್ಟು, ನನ್ನ ಮಗಳು ಎಂದು ಒಪ್ಪಿಕೊಂಡು, ಹೊಸ್ತಿಲಡಿ ಹೂಳಬೇಕು. ನಾನು ಎರಡನೆಯದನ್ನು ಹಿಡಿದೆ. ಮಳೆಯ ರಾತ್ರಿ, ಆ ದೊಡ್ಡ ಗಂಡಸು ತೋಳಿನಲ್ಲಿ ಆ ವಿಕಾರ ಜೀವವನ್ನು ಹಿಡಿದುಕೊಂಡು ನಡೆಯುತ್ತಾನೆ. ದಾರಿಯಲ್ಲಿ ಪ್ರೇತಗಳು ಮುತ್ತುತ್ತವೆ, ಅವುಗಳನ್ನು ತಡೆಯುವ ಕೆಲಸ ನನ್ನದು. ಹೊಸ್ತಿಲಲ್ಲಿ ಅವನು ಕ್ಷಮೆ ಕೇಳುವಾಗ ಕ್ಷಮಿಸಬೇಕೆಂದು ನನಗೆ ಅನಿಸಲಿಲ್ಲ. ಆದರೆ ಅವನನ್ನು ಅಲ್ಲಿಯವರೆಗೆ ಕಾದು ಕರೆತಂದದ್ದು ನಾನೇ. ಹೆಂಡತಿಗೆ ಹೊಡೆಯುವ ಗಂಡಸಿನ ಬಗ್ಗೆ ಕಥೆಗಳನ್ನು ಓದಿದ್ದೇನೆ, ತರಗತಿಯಲ್ಲಿ ಪಾಠ ಮಾಡಿದ್ದೇನೆ. ಅಂಥವನ ಜೊತೆ ಹೆಜ್ಜೆ ಹಾಕುವ ಕೆಲಸವನ್ನು ಯಾವ ಕಥೆಯೂ ನನಗೆ ಕೊಟ್ಟಿರಲಿಲ್ಲ.

ಮುಂದೆ ಅದೇ ಕಥೆಯಲ್ಲಿ ಬೆಟ್ಟದ ಮರವೊಂದರ ಬೇರಿನಡಿ ಸೆರೆಯಾದ ಆತ್ಮ ಸಿಗುತ್ತದೆ. ನನ್ನನ್ನು ಬಿಡಿಸು, ಜವುಗಿನಲ್ಲಿರುವ ಅನಾಥ ಮಕ್ಕಳನ್ನು ಮಾಟಗಾತಿಯರಿಂದ ಕಾಪಾಡುತ್ತೇನೆ ಎನ್ನುತ್ತದೆ. ಬಿಡಿಸಿದರೆ ಮಕ್ಕಳು ಉಳಿಯುತ್ತಾರೆ. ಒಂದು ಹಳ್ಳಿ ನಾಶವಾಗುತ್ತದೆ, ಬ್ಯಾರನ್‌ನ ಹೆಂಡತಿ ಸಾಯುತ್ತಾಳೆ, ಅವನು ನೇಣು ಹಾಕಿಕೊಳ್ಳುತ್ತಾನೆ. ಕೊಂದರೆ ಮಕ್ಕಳು ಹೋಗುತ್ತಾರೆ. ಹೆಂಡತಿ ಬುದ್ಧಿ ಕಳೆದುಕೊಂಡು ಬದುಕುತ್ತಾಳೆ, ಬ್ಯಾರನ್ ಅವಳನ್ನು ವೈದ್ಯನ ಬಳಿಗೆಂದು ಕರೆದುಕೊಂಡು ಹೊರಡುತ್ತಾನೆ. ತೀರ್ಮಾನ ಮಾಡುವಾಗ ಇದ್ಯಾವುದೂ ಗೊತ್ತಿರುವುದಿಲ್ಲ. ಫಲ ಬರುವುದು ಗಂಟೆಗಳ ನಂತರ, ಬೇರೇನೋ ಮಾಡುತ್ತಿರುವಾಗ. ಊರನ್ನೇ ನಡುಗಿಸಿದ ಶಕ್ತಿಯ ಮಾತನ್ನು ನಂಬಬಾರದೆಂದು ನಾನು ಕೊಂದೆ. ತಂಗಿಯ ಮಗ ಬಿಡಿಸಿದ. “ಮಕ್ಕಳಿಗಿಂತ ದೊಡ್ಡದು ಯಾವುದು ದೊಡ್ಡಮ್ಮ?” ಎಂದು ಫೋನಿನಲ್ಲಿ ಕೇಳುತ್ತಾನೆ. ಆ ಹಳ್ಳಿಯಲ್ಲಿ ಮಕ್ಕಳಿರಲಿಲ್ಲವೇನೋ ಎಂದು ನಾನು ಕೇಳುತ್ತೇನೆ. ನಮ್ಮ ವಾದ ತೀರಿಲ್ಲ.

ಆಡಿದ್ದು ಸೋತರೂ ಬಹುಪಾಲು ಕಥೆ ಮುಂದುವರಿಯುವ ಆಟವೂ ಇದೆ. ಎಸ್ಟೋನಿಯಾದ ಬರಹಗಾರರು ಕಟ್ಟಿದ, 2019ರ ‘ಡಿಸ್ಕೊ ಎಲಿಸಿಯಮ್’. ಅದರಲ್ಲಿ ಕಾಳಗದ ವ್ಯವಸ್ಥೆಯೇ ಇಲ್ಲ. ಹತ್ತು ಲಕ್ಷ ಪದಗಳನ್ನು ಮೀರಿದ ಬರಹವಿದೆ. ನೆನಪು ಕಳೆದುಕೊಂಡ ಪೊಲೀಸ್ ಪತ್ತೇದಾರನೊಬ್ಬ ಕುಡಿತದ ಅಮಲು ಇಳಿಯದೆ ವಸತಿಗೃಹದ ಕೋಣೆಯಲ್ಲಿ ಏಳುತ್ತಾನೆ. ಅವನ ಟೈ ಮೇಲೆ ತಿರುಗುವ ಫ್ಯಾನಿಗೆ ಸಿಕ್ಕಿಕೊಂಡಿದೆ. ದೇಹಬಲಕ್ಕೆ ತೀರಾ ಕಡಿಮೆ ಅಂಕ ಕೊಟ್ಟು ಪಾತ್ರ ಮಾಡಿಕೊಂಡಿದ್ದರೆ, ಅದನ್ನು ಎಳೆಯಲು ಹೋಗಿ ಹೃದಯ ನಿಂತು ಆಟ ಅಲ್ಲಿಗೇ ಮುಗಿಯಲೂಬಹುದು. ಅವನ 24 ಗುಣಗಳಿಗೂ ಒಂದೊಂದು ದನಿ. ತರ್ಕ ಒಂದು ಹೇಳುತ್ತದೆ, ಅನುಕಂಪ ಇನ್ನೊಂದು, ಚಟ ಮತ್ತೊಂದು. ಯಾವುದಕ್ಕೆ ಹೆಚ್ಚು ಅಂಕ ಕೊಟ್ಟಿದ್ದೀರೋ ಅದರ ದನಿ ತಲೆಯೊಳಗೆ ಹೆಚ್ಚು ಕೇಳಿಸುತ್ತದೆ. ಮನುಷ್ಯನ ಮನಸ್ಸನ್ನು ಅಂಕಿಗಳಿಂದ ಇಷ್ಟು ಹತ್ತಿರದಿಂದ ತೋರಿಸಿದ ಆಟವನ್ನು ನಾನು ಬೇರೆ ನೋಡಿಲ್ಲ.

ನೆನಪಿಟ್ಟುಕೊಳ್ಳುವುದರಲ್ಲಿ ಮಾತ್ರ ‘ಅಂಡರ್‌ಟೇಲ್’ ಎಲ್ಲವನ್ನೂ ಮೀರಿಸುತ್ತದೆ. ಟೋಬಿ ಫಾಕ್ಸ್ ಹೆಚ್ಚುಕಡಿಮೆ ಒಬ್ಬರೇ ಕೂತು ಮಾಡಿ 2015ರಲ್ಲಿ ಬಿಟ್ಟ ಪುಟ್ಟ ಆಟ. ಯಾರನ್ನೂ ಕೊಲ್ಲದೆ ಕೊನೆ ಮುಟ್ಟಬಹುದು. ಶುರುವಿನಲ್ಲೇ ತಾಯಿಯ ಹಾಗೆ ನೋಡಿಕೊಳ್ಳುವ ಟೊರಿಯೆಲ್, ಹೊರಗೆ ಹೋಗಬೇಡ ಎಂದು ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಬೇರೆ ದಾರಿ ಕಾಣದೆ ಅವಳನ್ನು ಕೊಂದು, ಮನಸ್ಸು ತಡೆಯದೆ, ಉಳಿಸಿಟ್ಟ ಹಳೆಯ ಜಾಗಕ್ಕೆ ಹಿಂತಿರುಗಿ ಈ ಸಲ ಬದುಕಿಸಿದರೆ, ಮುಂದೆ ಸಿಗುವ ಹೂವೊಂದು, ನೀನು ಅವಳನ್ನು ಕೊಂದದ್ದು ನನಗೆ ಗೊತ್ತಿದೆ ಎನ್ನುತ್ತದೆ. ಹಿಂತಿರುಗಿ ಸರಿಮಾಡುವ ಸೌಕರ್ಯ ಬಹುತೇಕ ಆಟಗಳಲ್ಲೂ ಇದೆ. ಆ ಸೌಕರ್ಯಕ್ಕೂ ಲೆಕ್ಕವಿಟ್ಟ ಆಟವನ್ನು ನಾನು ಕಂಡದ್ದು ಇದೊಂದೇ.

ಮಕ್ಕಳ ಹೆತ್ತವರು ನನ್ನನ್ನು ಹಿಡಿದು ನಿಲ್ಲಿಸಿ ಕೇಳುವುದು ಬೇರೆ ಪ್ರಶ್ನೆ. ಪತ್ರಿಕೆಗಳಲ್ಲಿ ಆನ್‌ಲೈನ್ ಗೇಮ್ ಎಂದು ಓದಿ ಸಾಲಸೋಲದ ಕಥೆ ಕೇಳಿದವರು ಅವರು. ಆ ಸಾವುನೋವಿನ ಸುದ್ದಿಗಳು ಬಹುಪಾಲು ಹಣ ಕಟ್ಟಿ ಆಡುವ ರಮ್ಮಿಯಂಥವುಗಳದ್ದು; 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ನಿಷೇಧಿಸಿದ್ದೂ ಹಣದ ಆಟಗಳನ್ನು. ನಾನು ಹೇಳುತ್ತಿರುವವು ಒಮ್ಮೆ ಕೊಂಡರೆ ಮುಗಿಯಿತು, ಪುಸ್ತಕದ ಹಾಗೆ. ಹಾಗೆಂದು ಆರ್‌ಪಿಜಿಗಳೆಲ್ಲ ಸಾಚಾ ಎನ್ನಲಾರೆ. ಚೀನಾದ ‘ಗೆನ್‌ಶಿನ್ ಇಂಪ್ಯಾಕ್ಟ್’ ಆಡಲು ಬಿಟ್ಟಿ, ಆದರೆ ಹೊಸ ಪಾತ್ರಗಳು ಬರುವುದು ಲಾಟರಿಯಲ್ಲಿ. ಅತಿ ಮೇಲ್ದರ್ಜೆಯದು ಸಿಗುವ ಸಂಭವ ಒಂದು ಸಲಕ್ಕೆ ಶೇಕಡಾ 0.6. ಮತ್ತೆ ಮತ್ತೆ ಎತ್ತಬೇಕೆಂದರೆ ನಿಜವಾದ ದುಡ್ಡು ಹಾಕಬೇಕು. ಮಕ್ಕಳ ಕೈಗೆ ಇಂಥದ್ದು ಸಿಗಬಾರದು ಎಂದೇ ನನ್ನ ಖಚಿತ ಅಭಿಪ್ರಾಯ. ವಿಚರ್‌ನಂಥವು ದೊಡ್ಡವರಿಗೆಂದೇ ಮಾಡಿದವು, ಡಬ್ಬಿಯ ಮೇಲೆ ವಯಸ್ಸು ಬರೆದಿರುತ್ತದೆ. ಸಮಯ ತಿನ್ನುವುದಂತೂ ನಿಜ. ದೊಡ್ಡ ಆಟವೊಂದು ನೂರು ಗಂಟೆ ಬೇಡುತ್ತದೆ. ಪರೀಕ್ಷೆಯ ತಿಂಗಳಲ್ಲಿ ಅದಕ್ಕೆ ಜಾಗವಿಲ್ಲ.

ನಾನು ಆಡಿದ ಯಾವ ಆಟದಲ್ಲೂ ಕನ್ನಡ ಇರಲಿಲ್ಲ. ನನ್ನ ತರಗತಿಯಲ್ಲಿ ಜಾಣ ಹುಡುಗಿಯರಿದ್ದಾರೆ. ಬ್ಯಾರನ್‌ನ ಮನೆಯ ಕಥೆ ಹೇಳಿದಾಗ ಇಡೀ ತರಗತಿ ಎರಡು ಪಾಳಯವಾಗಿ ಜಗಳಕ್ಕೆ ನಿಂತಿತ್ತು. ಅವರಿಗೆ ಆ ಇಂಗ್ಲಿಷಿನ ಮಾತುಗಳ ರಾಶಿ ದಾಟಿ ಆಡುವುದು ಕಷ್ಟ, ಅದಕ್ಕೆ ತಕ್ಕ ಲ್ಯಾಪ್‌ಟಾಪ್ ಇನ್ನೂ ಕಷ್ಟ. ಹಾಗಾಗಿ ಮೂಲಕ್ಕೇ ಹೋದೆವು. ಶನಿವಾರ ಮಧ್ಯಾಹ್ನ ಪಾಠ ಮುಗಿದ ಮೇಲೆ ಎರಡು ಬೆಂಚು ಜೋಡಿಸಿ, ಕಾಗದ ಪೆನ್ಸಿಲು ಹಿಡಿದು ಕೂರುತ್ತೇವೆ. ಕಥೆ ನಡೆಸುವವಳು ನಾನು. ಘಟ್ಟದ ಕೆಳಗಿನ ಒಂದು ಊರು, ಮಳೆಗಾಲ, ಹೊಳೆ ತುಂಬಿ ದೋಣಿ ನಿಂತಿದೆ, ಆಚೆ ದಡದಲ್ಲಿ ಯಾರೋ ಕೂಗುತ್ತಿದ್ದಾರೆ. ಮಾತೆಲ್ಲ ಕನ್ನಡದಲ್ಲಿ, ನಡುನಡುವೆ ತುಳುವಿನಲ್ಲಿ.

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನ ಮುಖ್ಯ ನಿಯಮಗಳನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟಿದ್ದಾರೆ. ಮೂಲದ ಹೆಸರು ಹೇಳಿ ಯಾರು ಬೇಕಾದರೂ ಅನುವಾದಿಸಬಹುದು. ಪಾತ್ರ ಕಟ್ಟುವ ಪುಟಗಳು, ಆರು ಗುಣಗಳು, ದಾಳದ ನಿಯಮ ಇಷ್ಟನ್ನು ಕನ್ನಡಕ್ಕೆ ತಂದು ಜೆರಾಕ್ಸ್ ಮಾಡಿಸಿ ಮಕ್ಕಳಿಗೆ ಕೊಟ್ಟಿದ್ದೇನೆ. ಮಂತ್ರಗಳ ಪಟ್ಟಿ ಬಹಳ ಉದ್ದವಿದೆ. ಕನ್ನಡ ಬಲ್ಲ ಇನ್ನೂ ನಾಲ್ಕು ಜನ ಕೈಹಚ್ಚಿದರೆ ಮುಂದಿನ ಮಳೆಗಾಲಕ್ಕೆ ಮುಗಿದೀತು.